ಡೇಟಾ ಸಮೇತ ಅಪ್‌ಡೇಟ್: ರೂಟ್ ಮಾಡಿಕೊಂಡವರ ಕೈಪಿಡಿ

ಅಭಿನಂದನೆಗಳು! ನೀವು ಈ ಕೈಪಿಡಿ ಹಿಡಿದಿದ್ದೀರಿ ಎಂದಮೇಲೆ ನಿಮ್ಮ ಫೋನಿನ ಬೂಟ್‌ಲೋಡರ್ ಬೀಗ ತೆಗೆದಾಗಿದೆ, ವಾರಂಟಿಯ ಆಸೆ ಬಿಟ್ಟಾಗಿದೆ. ಆನ್ ಮಾಡಿದಾಗಲೆಲ್ಲ ಫೋನು ತನ್ನನ್ನೇ ನಂಬಬೇಡಿ ಎಂದು ಪರದೆಯ ಮೇಲೆ ಎಚ್ಚರಿಸುತ್ತದೆ, ನಿಮಗೆ ಅದು ಕಣ್ಣಿಗೂ ಬೀಳದಷ್ಟು ಅಭ್ಯಾಸವಾಗಿದೆ. ಡಬ್ಬಿಯಲ್ಲಿ ಬಂದ ಪುಸ್ತಿಕೆ ನಿಮ್ಮಂಥವರಿಗಲ್ಲ. ಅದರಲ್ಲಿ 'ಅಪ್‌ಡೇಟ್ ಒತ್ತಿ, ಕಾಯಿರಿ' ಎಂದಿದೆ. ನೀವು ಒತ್ತಿದರೆ ಒಂದಿಷ್ಟು ಡೌನ್‌ಲೋಡ್ ಆಗಿ, ಆಮೇಲೆ ಆಗುವುದಿಲ್ಲ ಎಂಬ ಉತ್ತರ ಬರುತ್ತದೆ.

ಆಗದಿರಲು ಕಾರಣವಿದೆ. 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದ ಈಚೆಗೆ ಅಪ್‌ಡೇಟ್ ಎಂಬುದು ಸಿಸ್ಟಮ್ಮನ್ನು ಬ್ಲಾಕ್ ಬ್ಲಾಕ್ ಆಗಿ ತಾಳೆ ನೋಡುತ್ತದೆ. ಎಲ್ಲಾದರೂ ಒಂದು ಬಿಟ್ ಆಚೀಚೆ ಆಗಿದ್ದರೂ ಮುಂದುವರಿಯಲು ಒಪ್ಪುವುದಿಲ್ಲ. ರೂಟ್ ಕೂತಿರುವುದೇ ಬೂಟ್ ಇಮೇಜಿನಲ್ಲಿ. ಅಂದರೆ ನೀವು ಬದಲಾಯಿಸಿದ ಜಾಗವನ್ನೂ ಅದು ನೋಡುತ್ತದೆ.

ಈ ಕೈಪಿಡಿಯನ್ನು ಪಿಕ್ಸೆಲ್ ಫೋನ್ ಮತ್ತು ಮ್ಯಾಜಿಸ್ಕ್ ಇಟ್ಟುಕೊಂಡವರಿಗಾಗಿ ಬರೆದಿದೆ. ಮ್ಯಾಜಿಸ್ಕನ್ನು 2016ರಲ್ಲಿ ಹೊರತಂದವರು ಜಾನ್ ವು. ಸಿಸ್ಟಮ್ ಭಾಗವನ್ನು ಮುಟ್ಟದೆ ರೂಟ್ ಕೊಡುವುದು ಅದರ ಹೆಚ್ಚುಗಾರಿಕೆ. 2021ರಲ್ಲಿ ಅವರು ಗೂಗಲ್‌ನ ಆಂಡ್ರಾಯ್ಡ್ ಭದ್ರತಾ ತಂಡಕ್ಕೇ ಸೇರಿದರು. ಮ್ಯಾಜಿಸ್ಕ್ ಉಳಿಯಿತು, ರೂಟನ್ನು ಮುಚ್ಚಿಡುತ್ತಿದ್ದ ಅದರ ಹೈಡ್ ಸೌಲಭ್ಯ ಹೋಯಿತು. ಇದರ ಬಗ್ಗೆ ಬಳಕೆದಾರರು ಕಂಪನಿಗೆ ದೂರು ಕೊಡುವಂತಿಲ್ಲ, ಏಕೆಂದರೆ ಕಂಪನಿಯ ಲೆಕ್ಕದಲ್ಲಿ ನೀವು ಇಲ್ಲವೇ ಇಲ್ಲ.

ಮುಹೂರ್ತ

ತತ್ಕಾಲ್ ಟಿಕೆಟ್ ಬುಕ್ ಮಾಡುವ ದಿನ, ಕರೆಂಟ್ ಬಿಲ್ಲಿನ ಕೊನೇ ದಿನ, ಬ್ಯಾಂಕಿನಿಂದ ಒಟಿಪಿ ಬರಬೇಕಾದ ದಿನ ವರ್ಜ್ಯ. ರಾತ್ರಿ ಹನ್ನೊಂದರ ಮೇಲೆ 'ಐದೇ ನಿಮಿಷದ ಕೆಲಸ' ಎಂದು ಶುರು ಹಚ್ಚಿಕೊಳ್ಳುವವರಿಗೆ ಈ ಕೈಪಿಡಿ ಜವಾಬ್ದಾರಿಯಲ್ಲ. ಡೆವಲಪರ್ ಆಪ್ಷನ್ಸ್‌ಗೆ ಹೋಗಿ ತನ್ನಷ್ಟಕ್ಕೆ ಅಪ್‌ಡೇಟ್ ಆಗುವ ಸ್ವಿಚ್ಚನ್ನು ಮೊದಲೇ ಆಫ್ ಮಾಡಿಡಿ. ಇಲ್ಲದಿದ್ದರೆ ಮುಹೂರ್ತವನ್ನು ಫೋನೇ ಇಡುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಈ ಕೆಳಗಿನ ಸಂಭಾಷಣೆಗೆ ಸಿದ್ಧರಾಗಿರಿ:

"ಏನೋ, ಮತ್ತೆ ಫೋನ್ ಬಿಚ್ಚಿಟ್ಕೊಂಡು ಕೂತ್ಯಾ? ಮೊನ್ನೆ ತಾನೆ ಮಾಡಿದ್ಯಲ್ಲ ಅದನ್ನ."

"ಅದು ಹೋದ ತಿಂಗಳ ಪ್ಯಾಚ್ ಅಮ್ಮ, ಇದು ಈ ತಿಂಗಳದ್ದು."

"ನನ್ನ ಫೋನಿಗೆ ಏನೂ ಮಾಡಲ್ವಲ್ಲ, ಚೆನ್ನಾಗೇ ಇದೆ."

ಇದಕ್ಕೆ ಉತ್ತರ ಈ ಕೈಪಿಡಿಯಲ್ಲಿ ಇಲ್ಲ.

ಬೇಕಾಗುವ ಸಾಮಗ್ರಿ

ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರುವ ಫೋನು. ಕಂಪ್ಯೂಟರು, ಅದರಲ್ಲಿ ಗೂಗಲ್ ಕೊಡುವ ಪ್ಲಾಟ್‌ಫಾರ್ಮ್ ಟೂಲ್ಸ್. ಒಂದು ಕೇಬಲ್. ಕೇಬಲ್ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಚಾರ್ಜ್ ಆಗುತ್ತದೆ ಎಂದ ಮಾತ್ರಕ್ಕೆ ಅದರಲ್ಲಿ ಡೇಟಾ ಹೋಗುತ್ತದೆ ಎಂದಲ್ಲ. ಅಗ್ಗದ ಎಷ್ಟೋ ಕೇಬಲ್‌ಗಳೊಳಗೆ ಡೇಟಾದ ತಂತಿಯೇ ಇರುವುದಿಲ್ಲ. ಕಂಪ್ಯೂಟರಿಗೆ ಫೋನ್ ಕಾಣಿಸುತ್ತಿಲ್ಲ ಎಂದು ಡ್ರೈವರ್ ಅಳಿಸಿ, ಹಾಕಿ, ಮತ್ತೆ ಅಳಿಸಿ ಅರ್ಧ ದಿನ ಕಳೆಯುವವರು ಮೊದಲು ಕೇಬಲ್ ಬದಲಾಯಿಸಿ ನೋಡಲಿ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಉಳಿದವರು ಫೋನಿನ ಜೊತೆ ಬಂದದ್ದನ್ನೇ ಹುಡುಕಿ ತೆಗೆಯಿರಿ.

ಇನ್ನು ಬ್ಯಾಕಪ್. ಇದನ್ನು ಎಲ್ಲರೂ ಮಾಡಿರುತ್ತಾರೆ, ಮಾಡಿ ಆ ಫೋನಿನಲ್ಲೇ ಇಟ್ಟಿರುತ್ತಾರೆ. ವಾಟ್ಸಾಪ್ ದಿನಾ ರಾತ್ರಿ 2 ಗಂಟೆಗೆ ತಾನೇ ಎದ್ದು ಒಂದು ಪ್ರತಿ ಮಾಡಿಡುತ್ತದೆ ನಿಜ, ಇಡುವುದು ಮಾತ್ರ ಅದೇ ಫೋನಿನ ಹೊಟ್ಟೆಯಲ್ಲಿ. ರೂಟ್ ಇರುವುದರ ದೊಡ್ಡ ಲಾಭವೆಂದರೆ ಆ್ಯಪ್‌ಗಳನ್ನು ಅವುಗಳ ಒಳಗಿನ ಡೇಟಾ ಸಮೇತ ಎತ್ತಿಟ್ಟುಕೊಳ್ಳಬಹುದು. ಸ್ವಿಫ್ಟ್ ಬ್ಯಾಕಪ್, ನಿಯೋ ಬ್ಯಾಕಪ್ ಇರುವುದೇ ಅದಕ್ಕೆ. ಆ ಫೋಲ್ಡರನ್ನೂ ಕಂಪ್ಯೂಟರಿಗೆ ಎಳೆದುಕೊಳ್ಳದಿದ್ದರೆ ಬ್ಯಾಕಪ್ ಆಯಿತು ಎನ್ನಬೇಡಿ. ಟಿಡಬ್ಲ್ಯೂಆರ್‌ಪಿ ರಿಕವರಿಯಿಂದ ಡೇಟಾ ಬ್ಯಾಕಪ್ ತೆಗೆದವರಿಗೆ ಇನ್ನೊಂದು ಸುದ್ದಿ: ಅದು ಇಂಟರ್ನಲ್ ಸ್ಟೋರೇಜನ್ನು ಬಿಟ್ಟೇ ತೆಗೆಯುತ್ತದೆ. ಫೋಟೋ, ವಿಡಿಯೋ, ಅಜ್ಜಿ ಹೇಳಿದ ಹಾಡಿನ ರೆಕಾರ್ಡಿಂಗ್, ಎಲ್ಲ ಇರುವುದು ಅಲ್ಲೇ.

ಒಟಿಪಿ ತೋರಿಸುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಅದರ ಖಾತೆಗಳನ್ನು ಬೇರೆ ಫೋನಿಗೂ ಕಳಿಸಿಟ್ಟುಕೊಳ್ಳಿ. ಕಾರಣ ಕೇಳಬೇಡಿ, ಮಾಡಿ.

ಕ್ರಮ

ಮ್ಯಾಜಿಸ್ಕ್ ತೆರೆದು ಮೊದಲು ಮಾಡ್ಯೂಲ್‌ಗಳನ್ನೆಲ್ಲ ಆಫ್ ಮಾಡಿ, ಒಮ್ಮೆ ರೀಬೂಟ್ ಮಾಡಿ. ಹಳೇ ಆಂಡ್ರಾಯ್ಡಿಗೆ ಹೊಂದಿಕೊಂಡಿದ್ದ ಮಾಡ್ಯೂಲು ಹೊಸದರಲ್ಲಿ ಏನು ಮಾಡುತ್ತದೆ ಎಂದು ಬರೆದವರಿಗೂ ಗೊತ್ತಿರುವುದಿಲ್ಲ.

ಆಮೇಲೆ ಅನ್‌ಇನ್‌ಸ್ಟಾಲ್ ಒತ್ತಿ. ಗಾಬರಿ ಬೇಡ. ಅಲ್ಲಿ ಎರಡು ದಾರಿ ಇರುತ್ತವೆ. ಪೂರ್ತಿ ಕಿತ್ತುಹಾಕುವುದನ್ನು ಬಿಟ್ಟು, ಇಮೇಜುಗಳನ್ನು ಮರಳಿಸುವುದನ್ನು ಆರಿಸಿ. ಮೂಲದ ಬೂಟ್ ಇಮೇಜ್ ವಾಪಸ್ ಕೂರುತ್ತದೆ. ಈಗ ರೀಬೂಟ್ ಮಾಡಬಾರದು. ಕೈ ತಾನಾಗಿಯೇ ಪವರ್ ಬಟನ್ ಕಡೆ ಹೋಗುತ್ತದೆ, ಹಿಡಿದುಕೊಳ್ಳಿ.

ಈಗ ಸೆಟ್ಟಿಂಗ್ಸ್‌ಗೆ ಹೋಗಿ ಅಪ್‌ಡೇಟ್ ಹಾಕಿ. 2016ರಿಂದ, ಅಂದರೆ ಆಂಡ್ರಾಯ್ಡ್ 7ರ ಕಾಲದಿಂದ, ಪಿಕ್ಸೆಲ್‌ನಲ್ಲಿ ಸಿಸ್ಟಮ್ಮಿಗೆ ಎ ಮತ್ತು ಬಿ ಎಂಬ ಎರಡು ಸ್ಲಾಟ್ ಇವೆ. ನೀವು ಎ ಮೇಲೆ ಓಡುತ್ತಿದ್ದರೆ ಅಪ್‌ಡೇಟ್ ಸದ್ದಿಲ್ಲದೆ ಬಿ ಮೇಲೆ ಬರೆಯುತ್ತಾ ಹೋಗುತ್ತದೆ. ನಿಮ್ಮ ಡೇಟಾ ಇರುವ ಭಾಗ ಮಾತ್ರ ಒಂದೇ, ಎರಡೂ ಸ್ಲಾಟಿಗೆ ಹಂಚಿಕೆಯದು. ಅದನ್ನು ಅಪ್‌ಡೇಟ್ ಮುಟ್ಟುವುದಿಲ್ಲ. ಡೇಟಾ ಕಳೆದುಕೊಂಡವರು ಅಪ್‌ಡೇಟಿಗೆ ಬೈಯುವುದನ್ನು ನಿಲ್ಲಿಸಬೇಕು ಎಂದು ನಾನು ಹೇಳುವುದು ಇದಕ್ಕೇ.

ಬರೆದು ಮುಗಿದ ಮೇಲೆ ಪರದೆಯಲ್ಲಿ ದೊಡ್ಡದಾಗಿ 'ರೀಸ್ಟಾರ್ಟ್' ಎಂಬ ಗುಂಡಿ ಬರುತ್ತದೆ. ಇಡೀ ಕೈಪಿಡಿಯಲ್ಲಿ ಒತ್ತಬಾರದ ಗುಂಡಿ ಒಂದಿದ್ದರೆ ಅದು ಇದು. ಒತ್ತಿದರೆ ಅನಾಹುತವೇನೂ ಇಲ್ಲ, ಫೋನು ಹೊಸ ಸ್ಲಾಟಿನಲ್ಲಿ ರೂಟ್ ಇಲ್ಲದೆ ಎದ್ದು ಕೂರುತ್ತದೆ ಅಷ್ಟೆ. ಒತ್ತದೆ ಮ್ಯಾಜಿಸ್ಕ್‌ಗೆ ವಾಪಸ್ ಬನ್ನಿ. ಇನ್‌ಸ್ಟಾಲ್ ಒಳಗೆ ನಿಷ್ಕ್ರಿಯ ಸ್ಲಾಟಿಗೆ ಹಾಕುವ ಆಯ್ಕೆ ಇರುತ್ತದೆ, ಅದನ್ನು ಆರಿಸಿ. ಮುಗಿದ ಮೇಲೆ ಮ್ಯಾಜಿಸ್ಕೇ ತೋರಿಸುವ ರೀಬೂಟ್ ಗುಂಡಿ ಒತ್ತಿ. ಇದನ್ನು ಧಾರಾಳವಾಗಿ ಒತ್ತಬಹುದು.

ಇಷ್ಟಕ್ಕೂ ಬಗ್ಗದಿದ್ದರೆ ಕಂಪ್ಯೂಟರಿನ ದಾರಿ. ಗೂಗಲ್ ಎರಡು ಬಗೆಯ ಕಡತ ಕೊಡುತ್ತದೆ. ಒಂದು ಪೂರ್ತಿ ಓಟಿಎ. ರಿಕವರಿಗೆ ಹೋಗಿ ಸೈಡ್‌ಲೋಡ್ ಮಾಡಿದರೆ ಡೇಟಾ ಇದ್ದಲ್ಲೇ ಇರುತ್ತದೆ, ರೂಟ್ ಮಾತ್ರ ಹೋಗುತ್ತದೆ. ಆಮೇಲೆ ಹೊಸ ಇಮೇಜನ್ನು ಮ್ಯಾಜಿಸ್ಕ್‌ನಲ್ಲಿ ಪ್ಯಾಚ್ ಮಾಡಿ ಫಾಸ್ಟ್‌ಬೂಟ್‌ನಿಂದ ಹಾಕಿಕೊಳ್ಳಬಹುದು. ಪಿಕ್ಸೆಲ್ 7 ಮತ್ತು ಆಮೇಲಿನವರು ಬೂಟ್ ಬದಲು ಇನಿಟ್ ಬೂಟ್ ಇಮೇಜನ್ನು ಪ್ಯಾಚ್ ಮಾಡಬೇಕು. ನನ್ನ ಕೇಳಿದರೆ ಇದೇ ಅತ್ಯಂತ ನೆಮ್ಮದಿಯ ದಾರಿ.

ಎರಡನೆಯದು ಫ್ಯಾಕ್ಟರಿ ಇಮೇಜ್. ಜಿಪ್ ಬಿಚ್ಚಿದರೆ ಒಳಗೆ 'ಫ್ಲ್ಯಾಶ್-ಆಲ್' ಎಂಬ ಪುಟ್ಟ ಕಡತವಿರುತ್ತದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಕೊನೆಗೆ ಬರುವ ಅಪ್‌ಡೇಟ್ ಸಾಲಿನಲ್ಲಿ, ಫಾಸ್ಟ್‌ಬೂಟ್ ಎಂಬ ಪದದ ಮಗ್ಗುಲಲ್ಲೇ, ಒಂದು ಅಡ್ಡಗೆರೆ, ಅದಕ್ಕಂಟಿ ಸಣ್ಣಕ್ಷರದ ಒಂದು ಡಬ್ಲ್ಯೂ ಕೂತಿರುತ್ತದೆ. ಅದರ ಕೆಲಸ ನಿಮ್ಮ ಸಮಸ್ತವನ್ನೂ ಒರೆಸುವುದು. ಎರಡೇ ಅಕ್ಷರ ಅಳಿಸಿ ಸೇವ್ ಮಾಡಿದರೆ ಫೋಟೋಗಳು ಉಳಿದವು. ಮಗುವಿನ ನಾಮಕರಣದಿಂದ ಮೊನ್ನೆಯ ಹುಟ್ಟುಹಬ್ಬದವರೆಗಿನ ಚಿತ್ರಗಳೆಲ್ಲ ನಿಂತಿರುವುದು ನೀವು ಈ ಕಡತವನ್ನು ತೆರೆದು ಓದುವವರೋ, ಕ್ಲಿಕ್ ಮಾಡುವವರೋ ಎಂಬುದರ ಮೇಲೆ.

ಬೇರೆ ಮನೆತನದವರಿಗೆ

ಒರೆಸುವುದನ್ನೇ ಮಾಮೂಲಿ ಮಾಡಿ, ಉಳಿಸುವುದನ್ನು ಹುಡುಕಿಕೊಳ್ಳಿ ಎಂದು ಬಿಡುವ ಚಾಳಿ ಗೂಗಲ್‌ಗೆ ಮಾತ್ರ ಇದ್ದದ್ದಲ್ಲ. ಶಿಯೋಮಿಯ ಎಂಐ ಫ್ಲ್ಯಾಶ್ ತೆರೆದರೆ ಕೆಳಗಿನ ಮೂಲೆಯಲ್ಲಿ ಮೂರು ಆಯ್ಕೆ: ಎಲ್ಲ ಒರೆಸು, ಡೇಟಾ ಉಳಿಸು, ಎಲ್ಲ ಒರೆಸಿ ಬೀಗವನ್ನೂ ಹಾಕು. ಚುಕ್ಕೆ ಮೊದಲೇ ಬಿದ್ದಿರುವುದು ಕೊನೆಯದಕ್ಕೆ. ಬೇರೆ ದೇಶದ ಸಿಸ್ಟಮ್ ಇಮೇಜ್ ಹಾಕಿ ಆ ಚುಕ್ಕೆಯನ್ನು ಹಾಗೇ ಬಿಟ್ಟರೆ ಡೇಟಾ ಜೊತೆ ಫೋನೂ ಇಟ್ಟಿಗೆ. ಬೀಗ ತೆಗೆಸಲು ಆ ಕಂಪನಿ 168 ಗಂಟೆ ಕಾಯಿಸಿದ್ದು ನೆನಪಿದ್ದವರಿಗೆ ಹೊಟ್ಟೆ ಇನ್ನೂ ಉರಿಯುತ್ತದೆ.

ಸ್ಯಾಮ್‌ಸಂಗ್‌ನವರಿಗೆ ಓಡಿನ್. ಅಲ್ಲಿ ಸಿಎಸ್‌ಸಿ ಖಾನೆಗೆ ಹಾಕಲು ಎರಡು ಕಡತ ಬಂದಿರುತ್ತವೆ. ಬರೀ ಸಿಎಸ್‌ಸಿ ಹಾಕಿದರೆ ಒರೆಸುತ್ತದೆ, ಹೋಮ್ ಸಿಎಸ್‌ಸಿ ಹಾಕಿದರೆ ಉಳಿಸುತ್ತದೆ.

ತೊಂದರೆ ಬಂದರೆ

ಲೋಗೋ ತಿರುಗುತ್ತಲೇ ಇದ್ದರೆ ತಪ್ಪು ಬಹುಶಃ ಯಾವುದೋ ಮಾಡ್ಯೂಲಿನದು. ಸೇಫ್ ಮೋಡ್‌ನಲ್ಲಿ ಒಮ್ಮೆ ಎಬ್ಬಿಸಿದರೆ ಮಾಡ್ಯೂಲ್‌ಗಳೆಲ್ಲ ಆಫ್ ಆಗುತ್ತವೆ.

ಇದಕ್ಕಿಂತ ಕೆಟ್ಟದ್ದು ಕಪ್ಪು ಪರದೆ. ಆಂಡ್ರಾಯ್ಡ್ ಲೋಡ್ ಆಗುತ್ತಿಲ್ಲ, ನಿಮ್ಮ ಡೇಟಾ ಕೆಟ್ಟಿರಬಹುದು ಎಂದು ಅದು ಇಂಗ್ಲಿಷಿನಲ್ಲಿ ಹೇಳುತ್ತದೆ. ಕೆಳಗೆ ಎರಡೇ ಸಾಲು: ಮತ್ತೆ ಪ್ರಯತ್ನಿಸಿ, ಇಲ್ಲವೇ ಫ್ಯಾಕ್ಟರಿ ರೀಸೆಟ್. ವಾಲ್ಯೂಮ್ ಬಟನ್ನಿನಿಂದ ಸರಿಸಿ, ಪವರ್ ಬಟನ್ನಿನಿಂದ ಒಪ್ಪಬೇಕು. ಡೇಟಾ ಕೆಟ್ಟಿರಬಹುದು ಎಂಬುದು ಫೋನಿನ ಊಹೆ ಮಾತ್ರ, ಅನೇಕ ವೇಳೆ ಕೆಟ್ಟಿರುವುದು ನೀವು ಹಾಕಿದ ಬೂಟ್ ಇಮೇಜ್. ಎರಡನೇ ಸಾಲಿಗೆ ಇಳಿಯಬೇಡಿ. ಫಾಸ್ಟ್‌ಬೂಟ್‌ಗೆ ಹೋಗಿ ಮೂಲದ ಇಮೇಜನ್ನು ವಾಪಸ್ ಹಾಕಿ ನೋಡಿ. ಬೇಸರ ಬಂದು ಹಳೇ ಆಂಡ್ರಾಯ್ಡಿಗೆ ಹಿಂದಿರುಗುತ್ತೇನೆ ಎನ್ನುವವರು ಡೇಟಾದ ಆಸೆ ಬಿಟ್ಟು ಹೋಗಬೇಕು. ಅದೂ ಎಲ್ಲರಿಗೂ ಸಾಧ್ಯವಿಲ್ಲ: 2022ರ ಆಗಸ್ಟಿನಲ್ಲಿ ಪಿಕ್ಸೆಲ್ 6ಕ್ಕೆ ಆಂಡ್ರಾಯ್ಡ್ 13 ಬಂದಾಗ ಹಳೇ ಬೂಟ್‌ಲೋಡರಿಗೆ ಮರಳುವ ದಾರಿಯನ್ನೇ ಮುಚ್ಚಿದರು.

'ಇನ್ನು ಸಾಕು, ಬೀಗ ಹಾಕಿ ಸಜ್ಜನನಾಗುತ್ತೇನೆ' ಎಂದು ಬೂಟ್‌ಲೋಡರ್ ಮುಚ್ಚಲು ಹೊರಟವರ ಗಮನಕ್ಕೆ: ತೆಗೆಯುವಾಗ ಹೇಗೋ, ಹಾಕುವಾಗಲೂ ಎಲ್ಲ ಒರೆಸಿಹೋಗುತ್ತದೆ.

ಎಲ್ಲ ಸುಸೂತ್ರವಾಗಿ ಆಯಿತೇ? ಈಗ ಬ್ಯಾಂಕಿನ ಆ್ಯಪ್ ತೆರೆಯಿರಿ. ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯಲ್ಲಿ ನಿಮ್ಮ ಫೋನು ಪಾಸಾಗದೆ ಆ್ಯಪ್ ಮುಚ್ಚಿಕೊಂಡರೆ ಅದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಬ್ಯಾಕಪ್ಪನ್ನು ಮಾತ್ರ ಈಗಲೇ ಅಳಿಸಬೇಡಿ, ಕಂಪ್ಯೂಟರಿನಲ್ಲಿ ಜಾಗ ಸಾಲದಿದ್ದರೆ ಬೇರೇನಾದರೂ ಅಳಿಸಿ. ಕೇಬಲನ್ನು ಮನೆಯವರ ಕೈಗೆ ಸಿಗದ ಕಡೆ ಎತ್ತಿಡಿ. ಭದ್ರತಾ ಪ್ಯಾಚ್ ಮುಂದಿನ ತಿಂಗಳೂ ಬರುತ್ತದೆ.