ಹಿಂಬೆಂಚಿನ ಹಸ್ತಪ್ರತಿ: ಕರ್ತೃ, ಕಾಲ ಮತ್ತು ಪಾಠ ವಿಚಾರ

ಕನ್ನಡದ ಗ್ರಂಥಸಂಪಾದನಾ ಶಾಸ್ತ್ರ ಓಲೆಗರಿಯನ್ನು ನಂಬಿ ಬೆಳೆದದ್ದು. ಒಳ್ಳೊಳ್ಳೆಯ ಓಲೆಗರಿಗಳನ್ನೆಲ್ಲ ಹಿರಿಯರೇ ಸಂಪಾದಿಸಿ ಮುಗಿಸಿರುವುದರಿಂದ ನಮ್ಮ ತಲೆಮಾರಿನ ಪಂಡಿತರಿಗೆ ಕೈತುಂಬ ಕೆಲಸವಿಲ್ಲ. ಇಂಥ ದುರ್ಭಿಕ್ಷದಲ್ಲಿ ಮೈಸೂರಿನ ಕಾಲೇಜೊಂದರ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬರ ನೋಟ್‌ಬುಕ್ ನಮ್ಮ ಕೈಸೇರಿತು. ಕೊಟ್ಟವರು ವಾಪಸ್ ಬರಲೇ ಇಲ್ಲ, ಬೇಕಿದ್ದರೆ ತಗೊಂಡು ಹೋಗಿ ಎಂದ ಅಂಗಡಿಯವರ ಔದಾರ್ಯವನ್ನು ಮೊದಲಿಗೇ ಸ್ಮರಿಸುತ್ತೇವೆ.

ಪ್ರತಿಯ ಸ್ವರೂಪ: ಇನ್ನೂರು ಪುಟ, ಗೆರೆ ಹಾಕಿದ ಕಾಗದ, ನೀಲಿ ಬಾಲ್‌ಪೆನ್ನು. ಮೊದಲ ಪುಟದ ನೆತ್ತಿಯಲ್ಲಿ ಶ್ರೀಕಾರವಿರುವುದರಿಂದ ಕೃತಿಗೆ ಮಂಗಳಾಚರಣೆಯಿದೆ ಎನ್ನಲು ಅಡ್ಡಿಯಿಲ್ಲ. ಅಲ್ಲಲ್ಲಿ ಚಿತ್ರಾನ್ನದ ಅರಿಶಿನದ ಕಲೆ. ಒಂದು ಪುಟದಲ್ಲಿ ಒಗ್ಗರಣೆಯ ಸಾಸಿವೆಕಾಳು ಅಂಟಿಕೊಂಡಿದ್ದು, ನಮ್ಮ ಸಹೋದ್ಯೋಗಿ ಪಂಡಿತರೊಬ್ಬರು ಅದನ್ನು ಅನುಸ್ವಾರವೆಂದು ಗ್ರಹಿಸಿ, 'ವರದಿ'ಯನ್ನು 'ವರಂದಿ' ಎಂದು ತಿದ್ದಿ, ಆ ಅಪೂರ್ವ ರೂಪದ ಮೇಲೆ ಒಂದು ಲೇಖನವನ್ನೂ ಪ್ರಕಟಿಸಿದ್ದಾರೆ. ರಟ್ಟಿನ ಒಳಮೈಯಲ್ಲಿ "ಯಾರ್ ತಗೊಂಡ್ರೂ ವಾಪಸ್ ಕೊಡಿ, ಇಲ್ಲ ಅಂದ್ರೆ ಇಂಟರ್ನಲ್ಸ್‌ನಲ್ಲಿ ಉದ್ಧಾರ ಆಗಲ್ಲ" ಎಂಬ ಬರಹವಿದೆ. ದತ್ತಿ ಕೆಡಿಸಿದವರಿಗೆ ಗೋಹತ್ಯೆಯ ಪಾಪ ತಗಲಲೆಂಬ ನಮ್ಮ ಶಾಸನಗಳ ಶಾಪಾಶಯ ಈ ಶತಮಾನದಲ್ಲೂ ಬದುಕಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೃತಿಗೆ ಎರಡು ಮುಖ. ಮುಂದಿನಿಂದ ತೆರೆದರೆ ತರಗತಿಯಲ್ಲಿ ಬರೆಸಿದ ನೋಟ್ಸು. ಪುಸ್ತಕವನ್ನು ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ಸಿನಿಮಾ, ರೈಲು, ಕ್ಯಾಂಟೀನು, ಕೋರ್ಟು ಎಂದು ಹೊತ್ತುಗೊತ್ತಿಲ್ಲದ ಟಿಪ್ಪಣಿಗಳು. ಮುಖ್ಯವಾದದ್ದು ಮೇಲೆ, ಅಮುಖ್ಯವಾದದ್ದು ಕೆಳಗೆ ಬರಬೇಕೆಂಬ 'ತಲೆಕೆಳಗಾದ ಪಿರಮಿಡ್' ಪಾಠ ಮುಂಬದಿಯಲ್ಲಿದೆ. ಕರ್ತೃ ಆ ಸೂತ್ರವನ್ನು ಇಡೀ ಪುಸ್ತಕಕ್ಕೇ ಅನ್ವಯಿಸಿದ್ದಾರೆ ಎಂದು ಕೆಲವು ಕಿರಿಯ ಸಂಶೋಧಕರು ವಾದಿಸುತ್ತಾರೆ. ಇದು ಚಿಂತ್ಯ. ಹಿಂಬದಿಯಲ್ಲಿ ಅಧ್ಯಾಪಕರ ಕೆಂಪು ಟಿಕ್ ಒಂದೂ ಇಲ್ಲದಿರುವುದರಿಂದ ಅದು ಪ್ರಕ್ಷಿಪ್ತವೆಂಬುದೇ ನಮ್ಮ ಮತ.

ಕರ್ತೃವಿನ ಹೆಸರು ತಿಳಿದುಬಂದಿಲ್ಲ. ಹೆಸರಿನ ಜಾಗದಲ್ಲಿ ಒಂದು ಕ್ಯಾಮೆರಾ ಬಿಡಿಸಲಾಗಿದೆ. ಹಿಂಬದಿಯ ಹಲವು ಟಿಪ್ಪಣಿಗಳು 'ಶಿವನೇ' ಎಂದು ಮುಗಿಯುವುದರಿಂದ ಅದು ಅಂಕಿತವಿರಬೇಕು. ಲೇಡೀಸ್ ಬೋಗಿಯ ಉಲ್ಲೇಖ ಪದೇ ಪದೇ ಬರುವುದರಿಂದ ಕರ್ತೃ ವಚನಕಾರ್ತಿ. ಚಾಮರಾಜನಗರದ ಕಡೆಯಿಂದ ನಂಜನಗೂಡಿನ ಮೇಲೆ ಬರುವ ಬೆಳಗಿನ ರೈಲಿನಲ್ಲಿ ಈಕೆಯ ವಿದ್ಯಾಭ್ಯಾಸದ ಬಹುಪಾಲು ನಡೆದಿದೆ. ರೈಲು ತಡವಾದರೆ ಮೊದಲ ಪೀರಿಯಡ್ ಇಲ್ಲ, ಮೊದಲ ಪೀರಿಯಡ್ ಇಲ್ಲದಿದ್ದರೆ ಹಾಜರಿ ಇಲ್ಲ. ಮಾದರಿಗೆ ಒಂದು ಟಿಪ್ಪಣಿ:

"ಪೇಪರ್ ಒಂದು, ಓದೋರು ಆರ್ ಜನ. ಮುಖಪುಟ ಮೇಷ್ಟ್ರಿಗೆ, ಕ್ರೀಡೆ ಕಿಟಕಿ ಸೀಟಿನ ಅಣ್ಣನಿಗೆ, ಸಿನಿಮಾ ಪುಟ ನರ್ಸ್ ಅಕ್ಕನಿಗೆ. ನನಗೆ ಉಳಿದಿದ್ದು ಟೆಂಡರ್ ಪ್ರಕಟಣೆ. ಅದ್ರಲ್ಲಿ ನಮ್ಮೂರ್ ರಸ್ತೆ. ಇದು ಮೂರನೇ ಸಲ ಕರೀತಾ ಇರೋದು. ಯಾಕೆ? ಶಿವನೇ."

ಪತ್ರಿಕೆಯಲ್ಲಿ ಯಾರೂ ಓದದ ಪುಟವನ್ನು ಹಟಹಿಡಿದು ಓದುವುದು ಏಕಾಗ್ರತೆಯ ಕೊರತೆಯ ಲಕ್ಷಣ. ಅದೇ ದಿನದ ಮುಂಬದಿಯ ನೋಟ್ಸಿನಲ್ಲಿ 'ಸುದ್ದಿಯ ಮೂಲಗಳು' ಎಂಬ ತಲೆಬರಹವಿದೆ. ಕೆಳಗೆ ಪುಟ ಖಾಲಿ.

ಕಾಲನಿರ್ಣಯ ಕೃತಿಯ ಅತ್ಯಂತ ಕಠಿಣ ಭಾಗ. ಮುಂಬದಿಯ ಒಂದೆಡೆ ನಮ್ಮ ರಾಜ್ಯವನ್ನು 'ಮೈಸೂರು ರಾಜ್ಯ' ಎಂದು ಕರೆಯಲಾಗಿದೆ. ಹೆಸರು ಬದಲಾದದ್ದು 1973ರ ನವೆಂಬರ್ 1ರಂದು. ಆದ್ದರಿಂದ ಕೃತಿ ಅದಕ್ಕೂ ಹಿಂದಿನದು. ಆದರೆ ಎರಡು ಪುಟ ಕಳೆಯುವಷ್ಟರಲ್ಲಿ ದೇಶದ ಸುದ್ದಿಸಂಸ್ಥೆಗಳೆಲ್ಲ ಸೇರಿ 'ಸಮಾಚಾರ್' ಎಂಬ ಒಂದೇ ಸಂಸ್ಥೆಯಾಗಿವೆ ಎಂಬ ಮಾತು ಬರುತ್ತದೆ. ಆ ಸಂಸ್ಥೆ ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ ಹುಟ್ಟಿ 1978ರಲ್ಲಿ ವಿಸರ್ಜನೆಯಾಯಿತು. ಇನ್ನೂ ಮುಂದೆ ಹೋದರೆ ಮಾನನಷ್ಟಕ್ಕೆ ಐಪಿಸಿ 499 ಮತ್ತು 500 ಎಂದು ಬರೆದು, ಹೊಡೆದುಹಾಕಿ, ಮೇಲೆ 'ಬಿಎನ್‌ಎಸ್ 356, ಎರಡೂ ಸೇರಿ ಒಂದೇ' ಎಂದು ತಿದ್ದಲಾಗಿದೆ. ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಒಂದೇ ಕೈಬರಹದಲ್ಲಿ ಅರ್ಧ ಶತಮಾನ!

ಕರ್ತೃ ಶತಾಯುಷಿ ಎಂದು ಹೇಳಲು ಪೆನ್ನಿನ ಶಾಯಿ ಒಪ್ಪುವುದಿಲ್ಲ. ನಮ್ಮ ಸಿದ್ಧಾಂತ ಹೀಗಿದೆ: ಇವು ಗುರುಪರಂಪರೆಯಿಂದ ಬಾಯಿಂದ ಬಾಯಿಗೆ ಇಳಿದು ಬಂದ ನೋಟ್ಸು. ಗುರುಗಳ ಗುರುಗಳು ಬರೆಸಿದ್ದನ್ನು ಗುರುಗಳು ಅಕ್ಷರಲೋಪವಿಲ್ಲದೆ ಬರೆಸಿದ್ದಾರೆ. ಪ್ರಪಂಚದ ಸುದ್ದಿ ದಿನಕ್ಕೊಂದು ಸಲ ಬದಲಾದರೂ ಸುದ್ದಿಯ ಶಾಸ್ತ್ರ ಸನಾತನ. ತಿದ್ದುಪಡಿ ಮಾತ್ರ ಶಿಷ್ಯೆಯದು. ಪತ್ರಿಕಾ ನೋಂದಣಿಗೆ 1867ರ ಕಾಯ್ದೆ ಎಂದಿರುವಲ್ಲಿ ಈಕೆ ಅಂಚಿನಲ್ಲಿ '2023ರ ಹೊಸ ಕಾಯ್ದೆ, 2024ರ ಮಾರ್ಚ್‌ನಿಂದ ಜಾರಿ' ಎಂದು ಗುರುತು ಹಾಕಿದ್ದಾಳೆ. ಬ್ರಿಟಿಷರ ಕಾಲದ ಕಾಯ್ದೆಯೊಂದು ನೂರೈವತ್ತು ವರ್ಷ ದಾಟಿ ಬದುಕಿ ಸತ್ತದ್ದನ್ನು ತರಗತಿ ಗಮನಿಸದಿದ್ದರೂ ಅಂಚು ಗಮನಿಸಿದೆ. ಪರೀಕ್ಷೆಯಲ್ಲಿ 356 ಎಂದು ಬರೆದದ್ದಕ್ಕೆ ಅಂಕ ಹೋಯಿತೆಂಬ ಟಿಪ್ಪಣಿ ಹಿಂಬದಿಯಲ್ಲಿದೆ. ಪ್ರಕ್ಷಿಪ್ತವಾದ್ದರಿಂದ ಅದನ್ನು ಪರಿಗಣಿಸಿಲ್ಲ.

ಕೃತಿಯ ಕೆಳಮಿತಿಯನ್ನು ಸಿನಿಮಾ ಟಿಕೆಟ್ಟಿನಿಂದ ನಿರ್ಧರಿಸಬಹುದು. "ಇನ್ಮೇಲೆ ಎಲ್ಲಾ ಕಡೆ 200 ರೂಪಾಯಿ!" ಎಂದು ಒಂದು ಪುಟದಲ್ಲಿ ಪಟಾಕಿ ಹಚ್ಚಿದ ಚಿತ್ರವಿದೆ. ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿ ಅಧಿಸೂಚನೆ ಹೊರಡಿಸಿದ್ದು 2025ರ ಸೆಪ್ಟೆಂಬರ್ 12ರಂದು. ಮಲ್ಟಿಪ್ಲೆಕ್ಸ್‌ನವರೂ ನಿರ್ಮಾಪಕರೂ ಹೈಕೋರ್ಟಿಗೆ ಹೋದರು. 23ರಂದು ತಡೆಯಾಜ್ಞೆ ಬಂತು. ಮರುಪುಟದಲ್ಲಿ ಪಟಾಕಿಗೆ ಅಡ್ಡಗೆರೆ. ಕೆಳಗೆ, "ಕಾಂತಾರ ಅಕ್ಟೋಬರ್ 2ಕ್ಕೆ ರಿಲೀಸು. ಅಪ್ಪ ಕೊಡೋದು ಟ್ರೈನ್ ಪಾಸ್ ದುಡ್ಡು. ಶಿವನೇ." ಇದೇ ಪುಟದಲ್ಲಿ ಶಾಂತಲಾ, ಲಕ್ಷ್ಮಿ ಎಂಬ ಎರಡು ಹೆಸರುಗಳಿದ್ದು, ಸಹೋದ್ಯೋಗಿ ಪಂಡಿತರು ಹೊಯ್ಸಳ ವಿಷ್ಣುವರ್ಧನನ ಇಬ್ಬರು ರಾಣಿಯರು ಎಂದು ಟಿಪ್ಪಣಿ ಬರೆದಿದ್ದಾರೆ. ಅವು ಕೊರೊನಾ ವರ್ಷದಲ್ಲಿ ಬಾಗಿಲು ಹಾಕಿದ ಮೈಸೂರಿನ ಟಾಕೀಸುಗಳೆಂದು ಆಟೋ ಚಾಲಕರೊಬ್ಬರು ಸೂಚಿಸಿದ್ದಾರೆ. ಅವರಿಗೆ ವಿಶ್ವವಿದ್ಯಾಲಯದ ಪದವಿ ಇಲ್ಲ.

ಪಾಠಾಂತರಗಳಿಗೆ ಬರೋಣ. ಮೂಲವನ್ನು ನಂಬಿ ಇಡೀ ಬ್ಯಾಚು ಜೆರಾಕ್ಸ್ ಮಾಡಿಸಿಕೊಂಡಿದ್ದು, ಕ, ಖ, ಗ ಎಂಬ ಮೂರು ಪ್ರತಿಗಳು ನಮಗೆ ದೊರೆತಿವೆ. ಕ ಪ್ರತಿಯಲ್ಲಿ ಹಾಳೆ ಓರೆಯಾಗಿ ಕೂತು ಬಲದಂಚು ಕತ್ತರಿಸಿಹೋಗಿದೆ. 1972ರಲ್ಲಿ ಅಜೆಂಡಾ ಸಿದ್ಧಾಂತ ಪ್ರಕಟಿಸಿದ 'ಮೆಕ್ಕೂಂಬ್ಸ್ ಮತ್ತು ಶಾ' ಅವರಲ್ಲಿ ಶಾ ಅಂಚಿನಾಚೆ ಮಾಯವಾಗಿ, ಪರೀಕ್ಷೆಯಲ್ಲಿ ಅರ್ಧ ತರಗತಿ 'ಮೆಕ್ಕೂಂಬ್ಸ್ ಮತ್ತು' ಎಂದು ಬರೆದು ಪೂರ್ಣವಿರಾಮ ಹಾಕಿದೆ. ಖ ಪ್ರತಿಯವರು ಅದನ್ನು 'ಮತ್ತು ಇತರರು' ಎಂದು ಸರಿಪಡಿಸಿಕೊಂಡಿದ್ದಾರೆ. ಶ್ಯಾನನ್ ಮತ್ತು ವೀವರ್ ಸಂದೇಶದ ದಾರಿಯಲ್ಲಿ ಗದ್ದಲ ಸೇರುತ್ತದೆ ಎಂದು 1949ರಲ್ಲೇ ಪುಸ್ತಕ ಮಾಡಿದ್ದರು. ಜೆರಾಕ್ಸ್ ಅಂಗಡಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಗ ಪ್ರತಿ ಕಪ್ಪುಕಪ್ಪಾಗಿದ್ದು ಓದಲಾಗದು. ಅತಿ ಹೆಚ್ಚು ಅಂಕ ಬಂದಿರುವುದು ಅದರಿಂದ ಓದಿದವರಿಗೇ.

ಚಲನಚಿತ್ರ ಅಧ್ಯಯನ ಎಂಬ ಪಠ್ಯವಿಷಯದ ಅಂಗವಾಗಿ 'ಆಲ್ ದಿ ಪ್ರೆಸಿಡೆಂಟ್ಸ್ ಮೆನ್' ಚಿತ್ರ ತೋರಿಸುವ ಪದ್ಧತಿ ಈ ವಿಭಾಗದಲ್ಲಿ ಬಹಳ ಹಿಂದಿನಿಂದ ಇದೆ. ವಾಷಿಂಗ್ಟನ್ ಪೋಸ್ಟ್‌ನ ವುಡ್‌ವರ್ಡ್ ಮತ್ತು ಬರ್ನ್‌ಸ್ಟೀನ್ ವಾಟರ್‌ಗೇಟ್ ಹಗರಣ ಬಗೆದ ಕಥೆ. 1976ರ ಚಿತ್ರ, ಎರಡು ಗಂಟೆ ಮೀರಿದ್ದು. ಪೀರಿಯಡ್ ಒಂದು ಗಂಟೆ. ಅದರಲ್ಲಿ ಪ್ರೊಜೆಕ್ಟರ್ ಕೋಣೆಯ ಬೀಗದ ಕೈ ಇಟ್ಟುಕೊಂಡ ಅಟೆಂಡರ್ ಟೀ ಮುಗಿಸಿ ಬರಬೇಕು, ಕೇಬಲ್ಲು ಕಾಮರ್ಸ್ ವಿಭಾಗದಿಂದ ಬರಬೇಕು, ಧ್ವನಿ ಬರುತ್ತಿಲ್ಲವೆಂದು ಹಿಂಬೆಂಚಿನವರು ಕೂಗಬೇಕು. ಉಳಿದ ಸಮಯದಲ್ಲಿ ಕಳ್ಳರು ಸಿಕ್ಕಿಬೀಳುತ್ತಾರೆ, ವುಡ್‌ವರ್ಡ್ ಕೋರ್ಟಿಗೆ ಹೋಗುತ್ತಾನೆ, ಗಂಟೆ ಹೊಡೆಯುತ್ತದೆ. ಮುಂದಿನ ವಾರ ಎಲ್ಲಿಗೆ ನಿಂತಿತ್ತೆಂದು ನೆನಪಾಗದೆ ಮತ್ತೆ ಮೊದಲಿಂದ ಶುರು. ನಿಕ್ಸನ್ 1974ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟನೆಂಬುದು ಚಿತ್ರದ ಕಟ್ಟಕಡೆಗೆ ಟೆಲಿಪ್ರಿಂಟರಿನ ಅಕ್ಷರಗಳಲ್ಲಿ ಬರುವ ಸಂಗತಿ. ವಿಭಾಗದ ಮಟ್ಟಿಗೆ ಆತ ಇವತ್ತಿಗೂ ಅಧ್ಯಕ್ಷ.

ಕನ್ನಡ ಚಿತ್ರಗಳನ್ನು ಈಕೆ ಫೋನಿನಲ್ಲಿ, ರೈಲಿನಲ್ಲಿ ನೋಡಿದ್ದಾಳೆ. 2014ರ 'ಉಳಿದವರು ಕಂಡಂತೆ' ಮಲ್ಪೆಯಲ್ಲಿ ನಡೆಯುವ ಕಥೆ. ಒಂದೇ ಘಟನೆಯನ್ನು ಬೇರೆಬೇರೆಯವರ ಬಾಯಿಂದ ಕೇಳಿ ಜೋಡಿಸುವವಳು ರೆಜಿನಾ ಎಂಬ ಪತ್ರಕರ್ತೆ. ಆ ಪಾತ್ರ ಮಾಡಿದ ಶೀತಲ್ ಶೆಟ್ಟಿ ಟಿವಿ ವಾರ್ತೆ ಓದುತ್ತಿದ್ದವರೇ. ಟಿಪ್ಪಣಿ: "ಸರ್ ಎರಡು ಸೋರ್ಸ್ ಸಾಕು ಅಂತಾರೆ. ಇವಳು ಊರೆಲ್ಲಾ ಕೇಳ್ಕೊಂಡ್ ಬಂದ್ಳು, ಆದ್ರೂ ಇಂಟ್ರೋ ಸಿಕ್ಲಿಲ್ಲ. ಇದೇ ಸರಿ ಅನ್ಸುತ್ತೆ." 2016ರ 'ಯೂ ಟರ್ನ್' ಬಗ್ಗೆ ಅಭಿಪ್ರಾಯ ಇನ್ನೂ ಖಾರವಾಗಿದೆ. ಡಬಲ್ ರೋಡ್ ಫ್ಲೈಓವರಿನ ಮೇಲೆ ಕಲ್ಲು ಸರಿಸಿ ಅಡ್ಡದಾರಿಯಲ್ಲಿ ತಿರುಗುವವರ ಬಗ್ಗೆ ಬರೆಯಹೊರಟ ಇಂಟರ್ನ್ ಹುಡುಗಿಯ ಕಥೆ ಅದು. "ದೆವ್ವ ಇದೆ ಅಂದ್ರೆ ನಂಬ್ತೀನಿ. ಇಂಟರ್ನ್‌ಗೆ ಸ್ವಂತ ಸ್ಟೋರಿ ಮಾಡೋಕೆ ಬಿಡ್ತಾರೆ ಅಂದ್ರೆ ಹೆಂಗ್ ನಂಬೋದು?" ಅಲೌಕಿಕ ಯಾವುದು, ಲೌಕಿಕ ಯಾವುದು ಎಂಬ ವಿವೇಚನೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಇಷ್ಟು ಸ್ಪಷ್ಟವಾಗಿ ಬಂದಿಲ್ಲವೆಂದು ಒಪ್ಪಲೇಬೇಕು.

ಟಿವಿ ವರದಿಗಾರಿಕೆಯ ಪ್ರಾಯೋಗಿಕ ತರಗತಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪ್ಯಾಕೇಜಿನ ಮೊದಲ ಮಾತು 'ಹೌದು ವೀಕ್ಷಕರೇ' ಎಂದಿರಬೇಕೆಂದು ಬರೆಸಲಾಗಿದೆ. "ಯಾರೂ ಏನೂ ಕೇಳಿರಲ್ಲ" ಎಂದು ಅಂಚಿನಲ್ಲಿದೆ.

ಎರಡೂ ಮುಖಗಳಲ್ಲಿ ಒಂದೇ ದಿನದ ವರದಿಯಿರುವ ಏಕೈಕ ಸಂದರ್ಭ 2024ರ ಜುಲೈ 1, ಸೋಮವಾರ. ಜರ್ಮನಿಯ ಮಿಷನರಿ ಹರ್ಮನ್ ಮೊಗ್ಲಿಂಗ್ 1843ರ ಅದೇ ತಾರೀಕಿನಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರತಂದದ್ದರಿಂದ ಅದು ನಮ್ಮಲ್ಲಿ ಪತ್ರಿಕಾ ದಿನ. ಮುಂಬದಿಯ ವರದಿ ನಿರ್ದುಷ್ಟವಾಗಿದೆ: ಗಣ್ಯರು ದೀಪ ಬೆಳಗಿಸಿದರು, ಪತ್ರಿಕೋದ್ಯಮ ಹಿಂದೆ ಸೇವೆಯಾಗಿತ್ತು ಈಗ ಉದ್ಯಮವಾಗಿದೆ ಎಂದು ಮುಖ್ಯ ಅತಿಥಿಗಳು ವಿಷಾದಿಸಿದರು, ಯುವಜನರು ಓದುವ ಹವ್ಯಾಸ ಬೆಳೆಸಿಕೊಳ್ಳಬೇಕೆಂದರು, ವೇದಿಕೆಯಲ್ಲಿದ್ದ ಎಲ್ಲರ ಹೆಸರು ಹುದ್ದೆಸಮೇತ, ವಂದನಾರ್ಪಣೆ. ಹತ್ತಕ್ಕೆ ಒಂಬತ್ತು ಅಂಕ. ಒಬ್ಬರ ಇನಿಷಿಯಲ್ ತಪ್ಪಾಗಿತ್ತು. ಹಿಂಬದಿಯ ವರದಿ ಹೀಗಿದೆ: "ಇವತ್ತು ಬೆಳಿಗ್ಗೆಯಿಂದ ಮಾನನಷ್ಟದ ಸೆಕ್ಷನ್ ನಂಬರ್ರೇ ಬೇರೆ. ಪತ್ರಕರ್ತರ ಮೇಲೆ ಕೇಸ್ ಬಿದ್ರೆ ಇದರಲ್ಲೇ ಬೀಳೋದು. ವೇದಿಕೆ ಮೇಲಿದ್ದವರು ಯಾರೂ ಅದರ ಸುದ್ದಿ ಎತ್ತಲಿಲ್ಲ. ಕ್ಯಾಂಟೀನ್ ಟೀ 10ರಿಂದ 12 ಆಗಿದೆ. ಯಾಕಣ್ಣ ಅಂದೆ. ಹಾಲಿನ ರೇಟ್ ಏರಿತಲ್ಲಮ್ಮ, ಪೇಪರ್ ನೋಡಿಲ್ವಾ ಅಂದ್ರು." ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರೂ ಪ್ರಶ್ನೆಗಳಿಗೆ ಟೀ ಟಿಪ್ಪಣಿಯಲ್ಲಿ ಉತ್ತರವಿದೆಯೆಂದು ಕಿರಿಯ ಸಂಶೋಧಕರು ಮತ್ತೆ ತಕರಾರು ತೆಗೆದಿದ್ದಾರೆ. ಟೀ ವಿಷಯಕ್ಕೆ ದೀಪ ಬೆಳಗಿಸಿದವರು ಯಾರು ಎಂದು ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಇನ್ನು ರಸ್ತೆಯ ಪ್ರಸಂಗ. ಟೆಂಡರ್ ಪುಟದಲ್ಲಿ ಕಂಡದ್ದನ್ನು ಈಕೆ ಬಿಟ್ಟಿಲ್ಲ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ್ದಾಳೆ. ಅದರ ಕರಡು ಹಿಂಬದಿಯಲ್ಲಿ ನಾಲ್ಕು ಸಲ ತಿದ್ದುಪಡಿಯಾಗಿದೆ. ಮೂವತ್ತು ದಿನದ ಗಡುವು ಮುಗಿಯುವ ಹೊತ್ತಿಗೆ ಉತ್ತರ ಬಂದಿದೆ. ಮೊದಲೆರಡು ಸಲ ಒಬ್ಬರೇ ಗುತ್ತಿಗೆದಾರರು ಅರ್ಜಿ ಹಾಕಿದ್ದರಿಂದ ಟೆಂಡರ್ ರದ್ದು. ಮೂರನೆಯ ಸಲವೂ ಒಬ್ಬರೇ, ಅವರೇ. ಈ ಸಲ ಮಂಜೂರು. ಇದನ್ನಿಟ್ಟುಕೊಂಡು ಆಕೆ ವಿಭಾಗದ ಪ್ರಾಯೋಗಿಕ ಪತ್ರಿಕೆಗೆ ಎರಡು ಕಾಲಂ ವರದಿ ಬರೆದುಕೊಟ್ಟಳು. ಪತ್ರಿಕೆ ಅಚ್ಚಾಗಿ ಬಂದಾಗ ಆ ಜಾಗದಲ್ಲಿ ಪ್ರಾಂಶುಪಾಲರು ಸಸಿ ನೆಡುತ್ತಿರುವ ಚಿತ್ರವಿತ್ತು.

ಆ ವಾರದ ಮುಂಬದಿಯ ಪಾಠ ದ್ವಾರಪಾಲಕ ಸಿದ್ಧಾಂತ ಆಗಿರುವುದು ಕೇವಲ ಕಾಕತಾಳೀಯ. ಡೇವಿಡ್ ಮ್ಯಾನಿಂಗ್ ವೈಟ್ ಎಂಬಾತ 1950ರಲ್ಲಿ ಪ್ರಕಟಿಸಿದ ಅಧ್ಯಯನವದು. ಅಮೆರಿಕದ ಪತ್ರಿಕೆಯೊಂದರ ಸುದ್ದಿ ಸಂಪಾದಕ, ಅಧ್ಯಯನದಲ್ಲಿ ಅವನ ಹೆಸರು ಮಿಸ್ಟರ್ ಗೇಟ್ಸ್, ತಾನು ಕೈಬಿಟ್ಟ ಒಂದೊಂದು ಸುದ್ದಿಯ ಮೇಲೂ ಒಂದು ವಾರ ಕಾಲ ಕಾರಣ ಬರೆದಿಟ್ಟ. ಶಿಷ್ಯೆಯ ಟಿಪ್ಪಣಿ ಚಿಕ್ಕದು: "ಅವನು ಕಾರಣಾನಾದ್ರೂ ಬರೆದಿಟ್ಟ. ಶಿವನೇ."

ನಮ್ಮ ಸಂಪಾದಿತ ಆವೃತ್ತಿಯಲ್ಲಿ ಮುಂಬದಿಯ ಪುಟಗಳನ್ನು ಪಾಠಾಂತರ, ಶಬ್ದಕೋಶ ಮತ್ತು 'ವರಂದಿ'ಯ ಮೇಲಿನ ಅನುಬಂಧದೊಡನೆ ಅಚ್ಚು ಹಾಕಿಸಲಾಗುವುದು. ಹಿಂಬದಿಯ ಪುಟಗಳನ್ನು ಕೈಬಿಟ್ಟಿದ್ದೇವೆ. ಮುಖಪುಟಕ್ಕೆ ಯೋಗ್ಯವಾದ ಚಿತ್ರ ಸಿಗುವುದೋ ಇಲ್ಲವೋ ಎಂಬ ಚಿಂತೆಯಿತ್ತು. ಸಸಿ ನೆಡುತ್ತಿರುವ ಚಿತ್ರವನ್ನು ಕಾಲೇಜಿನವರೇ ಉಚಿತವಾಗಿ ಒದಗಿಸಿದ್ದಾರೆ.