ಮಾಘದ ಯಾತ್ರಾಸಂಕಲ್ಪ

ಮಾಘಮಾಸದ ಚಳಿಯು ಇನ್ನೂ ಸಂಪೂರ್ಣವಾಗಿ ಬೀಳ್ಕೊಳ್ಳದೆ, ಬೇಸಗೆಯ ಬಿಸಿಲು ತನ್ನ ಆಗಮನದ ಸೂಚನೆಯನ್ನು ಅಂಗಳಕ್ಕೆ ಕಳುಹಿಸಲಾರಂಭಿಸಿದ ಒಂದು ಅಪರಾಹ್ನ, ನಿವೃತ್ತ ಶಿರಸ್ತೇದಾರರಾದ ರಾಯರು ಭೂಪಟವನ್ನು ಜಮಖಾನದ ಮೇಲೆ ಹರಡಿ, ದಿಗ್ವಿಜಯಕ್ಕೆ ಹೊರಟ ದಂಡನಾಯಕನ ಗಾಂಭೀರ್ಯದಿಂದ ಪತ್ನಿಯನ್ನು ಕರೆದರು.

“ಇಗೋ, ಜೋಗವೇ ನಿಶ್ಚಯ. ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕಾಗಿ, 253 ಮೀಟರ್ ಎತ್ತರದಿಂದ ಧುಮುಕುವ ಶರಾವತಿಯನ್ನು ಕಾಣದೆ ಈ ಜನ್ಮವು ಸಾರ್ಥಕವಾಗದು!”

“ಧುಮುಕುವುದು ಶ್ರಾವಣದಲ್ಲಿ. ಈಗ ನೀರೆಲ್ಲ ಲಿಂಗನಮಕ್ಕಿಯ ಅಣೆಕಟ್ಟಿನ ಹಿಂದೆ ವಿದ್ಯುತ್ತಿಗಾಗಿ ಕಾದು ನಿಂತಿರುತ್ತದೆ. ನಿಮಗೆ ಕಾಣುವುದು ಸಿಂಹಾಸನವೇ ಹೊರತು ರಾಜನಲ್ಲ.”

“ಹಾಗಾದರೆ ಹಂಪೆ.”

“ಆಗಬಹುದು, ಆದರೆ ಬಂಡೆಯೆಲ್ಲ ಮಧ್ಯಾಹ್ನಕ್ಕೆ ಕಾವಲಿಯಾಗುವ ಆ ಊರಿನಲ್ಲಿ, ಹತ್ತು ಗಂಟೆಗೆ ಮೊದಲು ಕಾಫಿಯ ಲೋಟವನ್ನು ಕೆಳಗಿಡದ ನೀವು ವಿಠ್ಠಲನ ಗುಡಿಯನ್ನು ತಲಪುವುದು ಯಾವ ಮುಹೂರ್ತದಲ್ಲಿ?”

“ಬಂಡೀಪುರ? ಎಲೆಯುದುರಿದ ಕಾಡಿನಲ್ಲಿ ಹುಲಿ ಕಾಣುವುದು ಸುಲಭವಂತೆ.”

“ಹುಲಿಗೆ ನೀವು ಕಾಣುವುದೂ ಸುಲಭ.”

ಗೃಹಸ್ಥಾಶ್ರಮದಲ್ಲಿ ಪರಾಜಯವನ್ನು ವಿವೇಕವೆಂದು ಕರೆಯುವ ಸಂಪ್ರದಾಯವು ಪುರಾತನವಾದುದು; ರಾಯರು ಭೂಪಟವನ್ನು ಮಡಿಚತೊಡಗಿದರು.

“ನಿನ್ನ ಅಭಿಪ್ರಾಯವೇನು?”

“ಕೊಡಗು. ಫೆಬ್ರವರಿ, ಮಾರ್ಚಿನಲ್ಲಿ ಹದವಾದ ಒಂದು ಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ಕಾಫಿಯ ತೋಟವೆಲ್ಲ ಬಿಳಿಯ ಹೂವಿನಿಂದ ಮುಚ್ಚಿ ಹೋಗಿ ಪರಿಮಳ ಬೀರುತ್ತದೆ.”

“ಮಳೆ ಬೀಳದಿದ್ದರೆ?”

“ನಮ್ಮ ಅಣ್ಣನ ಮನೆ ಅಲ್ಲಿಯೇ ಇದೆಯಲ್ಲ!”

ಆ ವರ್ಷ ಮಳೆ ಬೀಳಲಿಲ್ಲ. ರಾಯರು ಯುಗಾದಿಯವರೆಗೆ ಭಾವನವರ ಮನೆಯಲ್ಲಿದ್ದರು.