ಬೋರ್ಡಿನ ಮೇಲೆ ನನ್ನ ಹೆಸರು

ನನ್ನ ಹೆಸರು ಒಂದು ಬೋರ್ಡಿನ ಮೇಲೆ ಬರಬೇಕು ಅಂತ ಕಾಲೇಜಿನ ಕಾಲದಿಂದ ಆಸೆಯಿತ್ತು. ಅದು ಈಡೇರಿದ್ದು ಮೈಸೂರಿನ ಅಗ್ರಹಾರದ ಹತ್ತಿರ, ನಮ್ಮ ಆಫೀಸಿನ ಮೆಟ್ಟಿಲ ಬುಡದಲ್ಲಿ. ಗೆರೆ ಹೊಡೆದ ಸಿಗರೇಟಿನ ಚಿತ್ರ, ಅದರಡಿ ‘ದೂರು ಸ್ವೀಕರಿಸುವವರು’ ಅಂತ ನಾನು. 2008ರ ಗಾಂಧಿ ಜಯಂತಿಯಿಂದ ಕೆಲಸದ ಜಾಗದಲ್ಲೂ ಹೊಗೆ ಬಿಡುವಂತಿಲ್ಲ. ಕನಿಷ್ಠ 60 ಸೆಂ.ಮೀ.ಗೆ 30 ಸೆಂ.ಮೀ. ಅಳತೆಯ ಬೋರ್ಡು ಬೇಕು, ಅದರಲ್ಲೊಬ್ಬರ ಹೆಸರು ಬೇಕು. ದೂರು ಬಂದೂ ಸುಮ್ಮನಿದ್ದರೆ ದಂಡ ಅವರ ತಲೆಗೇ. ಈ ಕೊನೇ ಸಾಲನ್ನು ಸಾಹೇಬರು ಓದಿ ಹೇಳಲಿಲ್ಲ. “ನೀವು ಸೇದೋಲ್ಲವಲ್ಲ ರಾಯರೇ, ನಿಮಗಿಂತ ಯೋಗ್ಯರು ಯಾರಿದ್ದಾರೆ?” ಅಂದರು. ಉಬ್ಬಿಹೋದೆ.

ಆಫೀಸಿನಲ್ಲಿ ಸೇದುತ್ತಿದ್ದವರು ಸಾಹೇಬರೊಬ್ಬರೇ. ಪಿರಿಯಾಪಟ್ಟಣದ ಕಡೆಯವರು, ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ತಂಬಾಕು ಮಂಡಳಿಯ ಹರಾಜಿನಲ್ಲಿ ರೇಟು ಏರಿದ ದಿನ ನಮಗೆಲ್ಲ ಮೈಸೂರು ಪಾಕು. “ಇದೇ ಜಿಲ್ಲೇಲಿ ಬೆಳೀಬಹುದು, ಮಾರಬಹುದು, ಸೇದೋದು ಮಾತ್ರ ಅಪರಾಧವೇನ್ರೀ?” ಅನ್ನುತ್ತ ಬಾಲ್ಕನಿಗೆ ಹೋಗುತ್ತಿದ್ದರು. ಕಾನೂನುಪಾಲಕನಾಗಿ ನಾನು ಗಟ್ಟಿಯಾಗಿ ಒಂದು ಸಲ ಕೆಮ್ಮುತ್ತಿದ್ದೆ.

ಅವತ್ತು ಫೈಲಿಗೆ ಸಹಿ ಹಾಕಿಸಲು ನಾನೂ ಬಾಲ್ಕನಿಗೆ ಹೋದೆ. ಅಷ್ಟರಲ್ಲಿ ಅವರ ಮನೆಯವರ ವಿಡಿಯೋ ಕಾಲ್ ಬಂತು. “ಒಂದ್ನಿಮಿಷ ಹಿಡ್ಕೊಳ್ಳಿ” ಅಂತ ಸಿಗರೇಟನ್ನು ನನ್ನ ಕೈಗೆ ತುರುಕಿ ಒಳಗೆ ಓಡಿದರು. ಹೊಸಕೋಣವೆಂದರೆ ಆಶ್‌ಟ್ರೇ ಇಲ್ಲ. ಅದನ್ನಿಡಕೂಡದೆಂದು ನಿಯಮ ತೋರಿಸಿ ತೆಗೆಸಿದವನು ನಾನೇ. ಊದುಬತ್ತಿ ಹಿಡಿದವನ ಹಾಗೆ ಎರಡು ಬೆರಳಲ್ಲಿ ಹಿಡಿದು ನಿಂತಿರುವಾಗ ಮೆಟ್ಟಿಲು ಹತ್ತಿ ಬಂತು, ತಂಬಾಕು ನಿಯಂತ್ರಣದ ತನಿಖಾ ತಂಡ.

“ಇಲ್ಲಿ ಜವಾಬ್ದಾರರು ಯಾರು?”

“ನಾನೇ.”

ಅವರ ಕಣ್ಣು ನನ್ನ ಮುಖದಿಂದ ಬೆರಳಿಗೆ ಇಳಿಯಿತು.

“ಇದು ನಂದಲ್ಲ ಸಾರ್.”

“ಮತ್ತ್ಯಾರದು?”

ಗಾಜಿನ ಬಾಗಿಲಾಚೆ ಸಾಹೇಬರು ಫೋನಿಗೆ ಮುಗುಳ್ನಗುತ್ತಿದ್ದರು. ಮುಂದಿನ ತಿಂಗಳು ನನ್ನ ಇನ್‌ಕ್ರಿಮೆಂಟು.

“ನಂದೇ,” ಅಂದೆ.

ತಂಬಾಕು ಕಾಯಿದೆಗೆ ರಾಜ್ಯ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು, 200 ರೂಪಾಯಿವರೆಗಿದ್ದ ದಂಡ 1,000ಕ್ಕೆ ಏರಿದ್ದು ನನಗೆ ಬಾಯಿಪಾಠ. ಅದರ ಸುತ್ತೋಲೆಯನ್ನು ನಾನೇ ಟೈಪು ಮಾಡಿ, ಕೊನೆಗೆ ‘ಕಟ್ಟುನಿಟ್ಟಾಗಿ’ ಅನ್ನುವ ಪದವನ್ನು ಸ್ವಂತ ಉತ್ಸಾಹದಿಂದ ಸೇರಿಸಿದ್ದೆ. ರಸೀತಿ ಬರೆಯುವವರು ಹೆಸರು ಕೇಳಿದರು. ಜೊತೆಯವರು, “ಕೇಳೋದೇನ್ರೀ, ಕೆಳಗೆ ಬೋರ್ಡಲ್ಲೇ ಇದ್ಯಲ್ಲ, ನೋಡ್ಕೊಂಡು ಬರ್ಕೊಳ್ಳಿ” ಅಂದರು.

ತಂಡ ಹೋದಮೇಲೆ ಸಾಹೇಬರು ಹೊರಬಂದರು. ನನ್ನ ಕೈಲಿದ್ದ ರಸೀತಿ ಅವರ ಕಣ್ಣಿಗೆ ಬೀಳಲಿಲ್ಲ.

“ಸಿಗರೇಟೆಲ್ಲಿ ರಾಯರೇ?”

“ಆರಿಸಿಬಿಟ್ಟೆ ಸಾರ್.”

“ಛೆ, ಅರ್ಧವೂ ಸೇದಿರಲಿಲ್ಲ. ದುಡ್ಡಿನ ಬೆಲೇನೇ ಗೊತ್ತಿಲ್ಲವಲ್ಲ ನಿಮಗೆ!”